ಬಿರುಕು ಬಿಡದ ದಿಮ್ಮಿ

ಕಂತು ಒಂಬತ್ತು

"ನಿಲ್ಸೋ ನವೀನಾ! ನಿಲ್ಸು ಅಂದ್ನಲ್ಲ!"

ಕಟಿಂಗ್ ಮಿಷನ್ನಿನ ಅಬ್ಬರದಲ್ಲಿ ಸುಲೋಚನಮ್ಮನ ಕೂಗು ಅವಳ ಕಿವಿಗೇ ಬೀಳಲಿಲ್ಲ. ಗಂಟಲು ಹರಿದುಕೊಂಡು ಪ್ರಯೋಜನವಿಲ್ಲವೆಂದು ಗೊತ್ತಾದೊಡನೆ, ಅರವತ್ತೆರಡು ವರ್ಷದ ಆ ಹೆಂಗಸು ಸೀರೆಯ ನೆರಿಗೆ ಎತ್ತಿ ಹಿಡಿದು ನೇರವಾಗಿ ಹೋಗಿ ಹಲಸಿನ ದಿಮ್ಮಿಯ ಮೇಲೆ ಕುಳಿತೇಬಿಟ್ಟಳು.

ಮಿಷನ್ನಿನ ಹಲ್ಲು ದಿಮ್ಮಿಯಿಂದ ಒಂದು ಗೇಣು ದೂರದಲ್ಲಿತ್ತು. ನವೀನ ಬೆಚ್ಚಿಬಿದ್ದು ಬಟನ್ ಬಿಟ್ಟ. ಸದ್ದು ನಿಂತಿತು.

"ಹುಚ್ಚು ಹಿಡೀತಾ ಚಿಕ್ಕಮ್ಮ ನಿಮ್ಗೆ? ಕೈ ಜಾರಿದ್ರೆ ಏನ್ ಗತಿ?"

"ಕುಯ್ಯೋದಾದ್ರೆ ನನ್ನೂ ಸೇರಿಸಿ ಕುಯ್ಯಪ್ಪ. ಯಾಕಿಷ್ಟು ಅವಸರ? ಈ ದಿಮ್ಮೀನ ಮಳೆಗಾಲ ಕಳೆಯೋವರೆಗೂ ಮುಟ್ಟಲ್ಲ ಅಂದಿದ್ದವ್ನು ನೀನೇ ಅಲ್ವಾ?"

"ಗಿರಾಕಿ ಬಂದವ್ರೆ."

"ಯಾರು?"

ನವೀನ ಮೈಮೇಲಿನ ಮರದ ಪುಡಿ ಕೊಡವಿಕೊಳ್ಳುತ್ತ ನಿಂತ. ಅಕ್ಕನ ಮಗ ಅವನು. ಅಕ್ಕ ತೀರಿಕೊಂಡಾಗ ಏಳು ವರ್ಷದವನನ್ನು ಅರಕಲಗೂಡಿನಿಂದ ಕರೆತಂದು ಕುಶಾಲನಗರದಲ್ಲಿ ತನ್ನ ಮನೆಯಲ್ಲೇ ಬೆಳೆಸಿದವಳು ಸುಲೋಚನಮ್ಮ. ಅವನು ಸುಳ್ಳು ಹೇಳುವಾಗ ಮೈ ಕೊಡವಿಕೊಳ್ಳುತ್ತಾನೆಂದು ಅವಳಿಗೆ ಅಂದಿನಿಂದಲೂ ಗೊತ್ತು.

ಸುಲೋಚನಮ್ಮನ ಜೊತೆಗೆ ಬಂದಿದ್ದ ಮುತ್ತಿ ಶೆಡ್ಡಿನ ಹೊರಗೆ ಬೇಲಿಯ ಪಕ್ಕ ಕುಳಿತಿದ್ದಳು. ಒಳಗೆ ಬಾ ಎಂದರೆ ಬರಲಿಲ್ಲ. ತಮ್ಮನನ್ನು ಕೊಂದ ದಿಮ್ಮಿಯನ್ನು ಅವಳು ನೋಡಲಾರಳು.

ಈ ದಿಮ್ಮಿಯ ಅಡಿಯಲ್ಲಿ ಮುತ್ತಿಯ ತಮ್ಮ ರವಿ ಹೆಣವಾಗಿ ಸಿಕ್ಕಿ ಎರಡು ತಿಂಗಳಾಗಿತ್ತು. ಕೊಂದವನೆಂದು ಹಿಡಿದದ್ದು ಮುತ್ತಿಯ ಗಂಡ ಪಾಪನನ್ನು. ಸೋಮವಾರ ಪೊಲೀಸರು ಆರೋಪಪಟ್ಟಿ ಹಾಕುವವರಿದ್ದರು, ಇವತ್ತು ಶನಿವಾರ. ಜೈಲಿನ ಗೇಟಿನ ಮುಂದೆ ಮುತ್ತಿ ಸುಲೋಚನಮ್ಮನ ಕೈ ಹಿಡಿದುಕೊಂಡು ಕೇಳಿದ್ದಳು: "ಅಮ್ಮ, ಯಾರು ಮಾಡಿದ್ರೂ ಹೇಳ್ತೀರಲ್ಲ?" ಅವಳು ಹಿಂದೆ ಮುಂದೆ ನೋಡದೆ ಮಾತು ಕೊಟ್ಟಿದ್ದಳು: "ನಮ್ಮನೆಯವರೇ ಆಗಿದ್ರೂ ಹೇಳ್ತೀನಿ."

ಆ ಮಾತು ಕೊಡುವಾಗ ಅದು ಬರೀ ಮಾತಾಗಿತ್ತು.

ಮರ ಇದ್ದದ್ದು ನಾಪೋಕ್ಲು ಕಡೆಯ ಬೊಳ್ಳಪ್ಪನವರ ಎಸ್ಟೇಟಿನಲ್ಲಿ, ಹೊಳೆಬದಿಯ ಕೆಳಗಿನ ತೋಟದಲ್ಲಿ. ಹಲಸಿನ ಕಾಯಿಗೆ ಬಂದ ಆನೆಗಳು ಕಾಫಿ ಗಿಡಗಳನ್ನೆಲ್ಲ ತುಳಿದುಹಾಕುತ್ತವೆಂದು ಬೊಳ್ಳಪ್ಪನವರು ಅದನ್ನು ತೆಗೆಸಿದ್ದರು. ಫೆಬ್ರವರಿ ಕೊನೆಯ ಒಂದು ಸೋಮವಾರ ಬೆಳಿಗ್ಗೆ ನೆರಳು ಮರಗಳ ಕೊಂಬೆ ಸವರುವ ಮರಗಸಿ ಕೆಲಸದ ರವಿ ಮತ್ತು ಪಾಪ ಮರ ಉರುಳಿಸಿ, ಹತ್ತಡಿಯ ದಿಮ್ಮಿ ಕತ್ತರಿಸಿದರು. ಜ್ವರ ಏರಿತೆಂದು ಪಾಪ ಮಧ್ಯಾಹ್ನಕ್ಕೇ ಮನೆಗೆ ಹೋದ. ಮುಂದಿನ ಕೆಲಸಕ್ಕೆ ಕುಟ್ಟದ ಕಡೆ ಹೋಗುತ್ತೇನೆಂದು ರವಿ ಮೊದಲೇ ಹೇಳಿದ್ದರಿಂದ ಅವನನ್ನು ಯಾರೂ ಹುಡುಕಲಿಲ್ಲ. ಕಾಫಿ ಪಿಕ್ಕಿಂಗ್ ಮುಗಿದ ತೋಟ, ಅದರ ಮೇಲೆ ಆನೆಯ ಭಯ. ಯಾರು ಹೋಗುತ್ತಾರೆ ಆ ಕಡೆ? ಗುರುವಾರ ಸೌದೆಗೆಂದು ಇಳಿದ ಹೆಂಗಸರು ಚೀರಿಕೊಂಡು ಓಡಿ ಬಂದರು.

ಸತ್ತದ್ದು ಬುಧವಾರ ಸಂಜೆಯ ಸುಮಾರಿಗೆ ಎಂದು ಡಾಕ್ಟರ ವರದಿ. ಬುಧವಾರ ಪಾಪ ಮೀನು ಹಿಡಿಯಲು ಹೊಳೆಯ ಕಡೆ ಹೋಗಿದ್ದನ್ನು ಇಬ್ಬರು ನೋಡಿದ್ದರು. ಅದರ ಹಿಂದಿನ ಭಾನುವಾರ ಭಾವ ಬಾಮೈದ ಇಬ್ಬರೂ ಸಂತೆಯಲ್ಲಿ ಕೈ ಕೈ ಮಿಲಾಯಿಸಿದ್ದರು. ಇನ್ನೇನು ಬೇಕು?

ಪಾಪ ಹೇಳಿದ್ದು ಒಂದೇ ಮಾತು. "ನಾ ಹೊರಡುವಾಗ ಅಂವ ಬದುಕಿದ್ದ. ಮರ ಒಣಗಿಸೋ ಅಣ್ಣ ಬತ್ತಾನೆ, ಕಾಯ್ತೀನಿ ಅಂದ."

ಮರ ಒಣಗಿಸುವ ಅಣ್ಣ ಎಂದರೆ ನವೀನ. ರಸ್ತೆ ಅಗಲ ಮಾಡುವಾಗ ಉರುಳಿಸಿದ್ದು, ಗಾಳಿಗೆ ಬಿದ್ದದ್ದು, ಮನೆ ಕಟ್ಟಲು ತೆಗೆಸಿದ್ದು, ಯಾರಿಗೂ ಬೇಡವಾಗಿ ಸೌದೆಯಾಗಬೇಕಿದ್ದ ಮರಗಳನ್ನು ತಂದು, ಒಣಗಿಸಿ, ಮೇಜು ಮಂಚ ಮಾಡುವುದು ಅವನ ಕಸುಬು. ಅವನು ಪೊಲೀಸರಿಗೆ ಹೇಳಿದ್ದ: ಗುರುವಾರ ಮಹಜರು ಮುಗಿದ ಮೇಲೆಯೇ ನಾನು ಆ ದಿಮ್ಮಿಯನ್ನು ಮೊದಲು ಕಂಡದ್ದು, ಟ್ರ್ಯಾಕ್ಟರಿನಲ್ಲಿ ತಂದು, ಶೆಡ್ಡಿನಲ್ಲಿ ಮೇಣ ಬಳಿದೆ.

ಸುಲೋಚನಮ್ಮ ಬಗ್ಗಿ ದಿಮ್ಮಿಯ ಕತ್ತರಿಸಿದ ಮುಖದ ಮೇಲೆ ಅಂಗೈ ಆಡಿಸಿದಳು. ಜೇನುಮೇಣದ ಹಳದಿ ಪದರ, ಕೈಗೆ ನುಣ್ಣಗೆ. ಬ್ರಷ್ಷಿನ ಗೆರೆಗಳು ಮೇಲಿಂದ ಕೆಳಕ್ಕೆ, ಗೋಡೆಗೆ ಸುಣ್ಣ ಹೊಡೆದ ಹಾಗೆ.

"ಈ ಮೇಣ ಯಾವತ್ತು ಬಳಿದಿದ್ದು?"

"ಎಷ್ಟ್ ಸಲ ಹೇಳ್ಲಿ? ಗುರುವಾರ ಸಾಯಂಕಾಲ."

"ಕಡಿದಿದ್ದು ಸೋಮವಾರ. ಮೂರು ದಿನ ಬರೀ ಮುಖದಲ್ಲಿ ಬಿಸಿಲಿಗೆ ಬಿದ್ದಿತ್ತು ಅನ್ನು."

"ಹೂಂ."

ಅವಳು ಸೊಂಟದ ಚೀಲದಿಂದ ಚಿಕ್ಕ ಚಾಕು ತೆಗೆದಳು. ಮೂವತ್ತೊಂದು ವರ್ಷ ಮರದ ಡಿಪೋದಲ್ಲಿ ಅಳತೆಯ ಗುಮಾಸ್ತೆಯಾಗಿದ್ದಾಗಿನ ಚಾಕು ಅದು. ಅಲ್ಲಿಂದ ಅವಳು ಹೊತ್ತು ತಂದದ್ದು ಎರಡೇ ಆಸ್ತಿ, ಈ ಚಾಕು ಮತ್ತು ಗರಗಸದ ಸದ್ದಿಗೆ ಮಂದವಾದ ಕಿವಿ. ಆ ಕಿವಿಯಿಂದಾಗಿ ಯಾರ ಫೋನು ಬಂದರೂ ಸ್ಪೀಕರಿಗೆ ಹಾಕಿಯೇ ಮಾತಾಡುವುದು. ಅವಳ ಮನೆಯ ಸುದ್ದಿ ಇಡೀ ಬೀದಿಗೆ ತಲುಪುತ್ತಿದ್ದುದು ಹಾಗೆ.

ಚಾಕು ಮೇಣವನ್ನು ಸುರುಳಿ ಸುರುಳಿಯಾಗಿ ಎಬ್ಬಿಸಿತು. ಅಂಗೈಯಗಲ ಜಾಗದಲ್ಲಿ ಹಲಸಿನ ಹೊಂಬಣ್ಣ ಕಂಡಿತು. ಅವಳು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ನೋಡಿದಳು. ಇನ್ನೊಂದು ಕಡೆ ಕೆರೆದಳು. ತಿರುಳಿನ ನಡುವೆ, ಬಿರುಕು ಮೊದಲು ಏಳುವ ಜಾಗದಲ್ಲಿ, ಮೂರನೆಯ ಸಲ ಕೆರೆದಳು.

ಒಂದು ಕೂದಲೆಳೆಯಷ್ಟೂ ಬಿರುಕಿರಲಿಲ್ಲ.

ಹಸಿ ಮರದ ನೀರು ಮೊದಲು ಆರುವುದೇ ಕತ್ತರಿಸಿದ ಮುಖದಲ್ಲಿ. ಮುಖ ಬೇಗ ಕುಗ್ಗುತ್ತದೆ, ಒಡಲು ಕುಗ್ಗುವುದಿಲ್ಲ, ಮರ ಸೀಳುತ್ತದೆ. ಅದಕ್ಕೇ ಬಡವರು ಸೆಗಣಿ ಮೆತ್ತುತ್ತಾರೆ, ಇದ್ದವರು ಪೇಂಟ್ ಹೊಡೆಯುತ್ತಾರೆ, ನವೀನ ಜೇನುಮೇಣ ಕಾಯಿಸಿ ಬಳಿಯುತ್ತಾನೆ. ಆದರೆ ಏನು ಬಳಿದರೂ ಕಡಿದ ದಿನವೇ ಬಳಿಯಬೇಕು. ಫೆಬ್ರವರಿಯ ಬಿಸಿಲಿನಲ್ಲಿ ಮೂರು ದಿನ ಬಿದ್ದಿದ್ದ ಹಲಸಿನ ಮುಖದಲ್ಲಿ ಉಗುರು ತೂರುವಷ್ಟು ಬಿರುಕು ಇರಲೇಬೇಕು. ಮೇಣ ಹೊಸ ಬಿರುಕನ್ನು ತಡೆದೀತು, ಆದ ಬಿರುಕನ್ನು ಕೂಡಿಸಲಾರದು.

ಪೊಲೀಸರು ಹೆಣ ನೋಡಿದರು, ರಕ್ತ ನೋಡಿದರು, ಹೆಜ್ಜೆ ನೋಡಿದರು. ದಿಮ್ಮಿಯ ಮುಖ ಯಾರು ನೋಡುತ್ತಾರೆ?

"ಇದು ಸೋಮವಾರವೇ ಬಳಿದ ಮೇಣ ಕಣೋ," ಎಂದಳು. ದನಿ ಏರಲಿಲ್ಲ. ಗೆದ್ದ ಖುಷಿಯೂ ಅದರಲ್ಲಿರಲಿಲ್ಲ.

"ಇಲ್ಲ ಚಿಕ್ಕಮ್ಮ. ಹಲಸು ಒಂದೊಂದ್ಸಲ ಬಿರಿಯಲ್ಲ..."

"ನನಗೆ ಮರ ಕಲಿಸ್ಬೇಡ. ಆ ಸೋಮವಾರ ನೀನೆಲ್ಲಿದ್ದೆ?"

"ಇಲ್ಲೇ. ಶೆಡ್ಡಲ್ಲೇ."

"ಸುಳ್ಳು. ಆ ವಾರ ನಂಗೆ ಚೆನ್ನಾಗಿ ನೆನಪಿದೆ. ನಿಮ್ಮ ಚಿಕ್ಕಪ್ಪ ಸೋಮವಾರ, ಮಂಗಳವಾರ, ಬುಧವಾರ ಮೂರು ದಿನಾನೂ ಕಣ್ಣು ತೋರಿಸೋಕೆ ಅಂತ ಮಡಿಕೇರಿಗೆ ಹೋದ್ರು. ಬೆಳಗಾಗೆದ್ದು ಮಜ್ಜಿಗೆ ಬಾಟ್ಲಿ ತುಂಬಿಸಿ ಕಳಿಸ್ತಿದ್ದೆ. ಒಬ್ಬಳಿಗೆ ಏನು ಅಡುಗೆ ಅಂತ ಸೋಮವಾರ ಮಧ್ಯಾಹ್ನ ನಿಂಗೂ ಸೇರಿಸಿ ಮುದ್ದೆ ಕಟ್ಕೊಂಡು ಇಲ್ಲಿಗೆ ಬಂದಿದ್ದೆ. ಶೆಡ್ಡಿಗೆ ಬೀಗ ಇತ್ತು."

ನವೀನ ನೆಲ ನೋಡಿದ.

"ಪಾಪನಿಗೆ ಜೈಲಲ್ಲಿ ಕೆಮ್ಮು ಹಿಡಿದಿದೆ. ಮೊನ್ನೆ ನೋಡೋಕೆ ಹೋದ್ರೆ ಮುತ್ತಿಗೆ ಅವನ ಗುರುತೇ ಸಿಗಲಿಲ್ಲ. ನೀನು ಇಲ್ಲಿ ಮೂರು ಹೊತ್ತು ಉಂಡ್ಕೊಂಡು ಮರ ಒಣಗಿಸ್ತಾ ಇದ್ದೀಯ."

ಅಷ್ಟು ಸಾಕಾಯಿತು. ನವೀನ ಮಿಷನ್ನನ್ನು ನೆಲಕ್ಕಿಟ್ಟು ಹಾಗೆಯೇ ಕುಕ್ಕರಗಾಲಿನಲ್ಲಿ ಕುಸಿದ. ಮೂವತ್ತನಾಲ್ಕು ವರ್ಷದ ಗಂಡಸು ಏಳು ವರ್ಷದ ಮಗುವಿನಂತೆ ಮೊಣಕೈಯಲ್ಲಿ ಮುಖ ಮುಚ್ಚಿಕೊಂಡ.

"ಹೋಗಿದ್ದೆ ಚಿಕ್ಕಮ್ಮ. ಸೋಮವಾರ ಹೋಗಿದ್ದೆ."

ಸುಲೋಚನಮ್ಮ ಕಣ್ಣು ಮುಚ್ಚಿದಳು. ಇದನ್ನೇ ಕೇಳಲು ಎರಡು ತಿಂಗಳು ಓಡಾಡಿದ್ದಳು. ಈಗ ಕೇಳಬಾರದಿತ್ತು ಎನಿಸಿತು.

"ಹೇಳು."

"ಪಾಪ ಆಗ್ಲೇ ಹೋಗಿದ್ದ. ರವಿ ಒಬ್ನೇ ಇದ್ದ. ಸ್ಟೌ ಹಚ್ಚಿ ಮೇಣ ಕಾಯಿಸ್ದೆ, ಮೇಲಿನ ತುದಿಗೆ ಬಳ್ದೆ. ಕೆಳಗಿನ ತುದಿ ಮಣ್ಣಿಗೆ ಒತ್ಕೊಂಡಿತ್ತು, ಬ್ರಷ್ ಹೋಗ್ತಿರ್ಲಿಲ್ಲ. ಅಡ್ಡ ಕೊಟ್ಟಿದ್ದ ಕಲ್ಲನ್ನ ಒಂಚೂರು ಸರಿಸು ರವಿ, ಅರ್ಧ ಸುತ್ತು ಹೊರಳಿಸಾಣ ಅಂದೆ. ಅಂವ ಇಳಿಜಾರಿನ ಕಡೆ ನಿಂತಿದ್ದ. ನಾನು ನೋಡ್ಬೇಕಿತ್ತು. ನೋಡ್ಲಿಲ್ಲ."

"ಉರುಳ್ತು."

"ಸೊಂಟದವರೆಗೂ. ಕೂಗ್ಲೂ ಇಲ್ಲ ಅಂವ. ಆಮೇಲೆ 'ಅಣ್ಣ, ನೀರು' ಅಂದ."

ಹೊರಗೆ ಟ್ರ್ಯಾಕ್ಟರೊಂದು ಶುಂಠಿ ಮೂಟೆ ಹೇರಿಕೊಂಡು ಹೋಯಿತು.

"ಎತ್ತಕ್ಕೆ ನೋಡ್ದೆ ಚಿಕ್ಕಮ್ಮ. ದೇವರಾಣೆ ನೋಡ್ದೆ. ಒಬ್ನಿಂದ ಆಗೋದಲ್ಲ. ಸಿಗ್ನಲ್ ಇರ್ಲಿಲ್ಲ, ರಸ್ತೆಗೆ ಓಡ್ದೆ. ಆಮೇಲೆ ಹೆದ್ರಿಕೆ ಆಯ್ತು. ಮನೆಗೆ ಬಂದ್ಬಿಟ್ಟೆ."

"ಬದುಕಿದ್ದವನನ್ನ ಬಿಟ್ಟು?"

"ಆಗ್ಲೇ ಕಣ್ಣು ಮೇಲಾಗಿತ್ತು. ಇನ್ನರ್ಧ ಗಂಟೆಯಲ್ಲಿ ಹೋಗ್ತಾನೆ ಅನ್ಕೊಂಡೆ. ಗುರುವಾರ ಸುದ್ದಿ ಬಂದಾಗ ಸೋಮವಾರವೇ ಹೋಗಿರ್ತಾನೆ ಅನ್ಕೊಂಡೆ."

ಹೊಡೆಯಬೇಕೆಂದು ಅವಳ ಕೈ ಎದ್ದಿತು. ಎದ್ದ ಕೈ ಅರ್ಧದಲ್ಲೇ ಸೋತು ಇಳಿಯಿತು. ಹೊಡೆದರೆ ಏನು ಬಂತು? ತಾನು ಎತ್ತಿ ಆಡಿಸಿದ, ಜ್ವರ ಬಂದಾಗ ರಾತ್ರಿಯಿಡೀ ಒದ್ದೆ ಬಟ್ಟೆ ಹಾಕಿ ಕಾದ ಹುಡುಗ. ಒಬ್ಬನನ್ನು ಮರದಡಿಯಲ್ಲಿ ಬಿಟ್ಟು ಬಂದ, ಇನ್ನೊಬ್ಬನನ್ನು ಜೈಲಿಗೆ ಹೋಗಲು ಬಿಟ್ಟ. ಅವಳಿಗೆ ಅಳುವೂ ಬರಲಿಲ್ಲ.

ಆಗಲೇ ಅವಳಿಗೆ ಒಂದು ಮಾತು ತಟ್ಟಿತು.

"ಮೇಲಿನ ತುದಿಗೆ ಬಳಿದೆ ಅಂದೆ. ಆಮೇಲೆ ದಿಮ್ಮಿ ಉರುಳ್ತು."

"ಹೂಂ."

"ಹಾಗಾದ್ರೆ ಕೆಳಗಿನ ತುದಿಗೆ ಯಾವಾಗ ಬಳಿದೆ?"

ನವೀನ ತಲೆಯೆತ್ತಿದ. ಅವನ ಮುಖದಲ್ಲಿ ಹೊಸದೊಂದು ಭಯ ಕಂಡಿತು. ಈವರೆಗಿನದಕ್ಕಿಂತ ದೊಡ್ಡದು.

"ಆಮೇಲೆ. ಉರುಳಿದ ಮೇಲೆ. ನಾನೇ ಬಳ್ದೆ."

"ರವಿ ನೀರು ನೀರು ಅಂತಿರುವಾಗ ನೀನು ಕೂತ್ಕೊಂಡು ಮೇಣ ಬಳಿದೆ?"

"ಹೂಂ. ಬಳ್ದೆ. ಅಭ್ಯಾಸ... ಕೈ ತಾನಾಗೇ ಮಾಡ್ತು." ಹೇಳುತ್ತ ಅವನು ತೋಳಿನ ಮೇಲಿನ ಪುಡಿ ಕೊಡವಿದ. ಅಲ್ಲಿ ಪುಡಿ ಇರಲಿಲ್ಲ.

ಸುಲೋಚನಮ್ಮ ದಿಮ್ಮಿಯಿಂದ ಇಳಿದಳು. ಇನ್ನೊಂದು ತುದಿ ಶೆಡ್ಡಿನ ಮೂಲೆಯಲ್ಲಿತ್ತು, ಗೋಣಿಚೀಲ ಹೊದಿಸಿಕೊಂಡು, ಹಲಗೆಯ ಅಟ್ಟಿಯ ಹಿಂದೆ. ಆ ಅಟ್ಟಿಯ ಅರ್ಧ ಹಲಗೆಗಳನ್ನು ಯಾರೋ ಎತ್ತಿ ನೆಲಕ್ಕೆ ಒಂದರ ಮೇಲೊಂದು ಎಸೆದಿದ್ದರು, ನಡುವೆ ರೀಪರ್ ಕೂಡ ಇಟ್ಟಿರಲಿಲ್ಲ. ಹಲಗೆಗಳ ನಡುವೆ ಗಾಳಿಯಾಡಲು ಹೆಬ್ಬೆರಳಿನಷ್ಟು ದಪ್ಪದ ಪಟ್ಟಿಗಳನ್ನು ಅಳೆದು ಇಟ್ಟು, ಸೀಮೆಸುಣ್ಣದಲ್ಲಿ ತಾರೀಖು ಬರೆಯುವ ನವೀನ, ಹೀಗೆ ಹಲಗೆ ಎಸೆಯುವವನಲ್ಲ. ಆ ತುದಿಗೆ ದಾರಿ ಮಾಡಿಕೊಳ್ಳುವ ಅವಸರ ಅವನಿಗಿತ್ತು. ಅವನು ಕುಯ್ದು ಒಲೆಗೆ ಹಾಕಬೇಕೆಂದಿದ್ದದ್ದು ಅವಳು ಕೂತಿದ್ದ ತುದಿಯನ್ನಷ್ಟೇ ಅಲ್ಲ, ಇದನ್ನೂ.

"ಆ ಕಡೆ ಹೋಗ್ಬೇಡಿ ಚಿಕ್ಕಮ್ಮ."

ಅವಳು ಹೋದಳು.

"ಪೊಲೀಸ್ ಸ್ಟೇಷನ್ನಿಗೆ ಈಗ್ಲೇ ಬರ್ತೀನಿ. ಬನ್ನಿ, ಹೋಗಾಣ. ಎಲ್ಲಾ ನಾನೇ ಅಂತ ಬರ್ಕೊಡ್ತೀನಿ. ಕಾಲಿಗೆ ಬೀಳ್ತೀನಿ, ಆ ಕಡೆ ಹೋಗ್ಬೇಡಿ."

ಅಟ್ಟಿಗೂ ಗೋಡೆಗೂ ನಡುವೆ ಅವಳು ಅಡ್ಡಡ್ಡವಾಗಿ ತೂರಿದಳು. ಗೋಡೆಯ ಮೊಳೆಗೆ ಮರ ಕೆತ್ತುವ ಹಳೆಯ ಬಾಚಿಯೊಂದು ನೇತಾಡುತ್ತಿತ್ತು, ಎಡಗೈಯವರಿಗೆಂದು ಹಿಡಿಯನ್ನು ಓರೆ ಮಾಡಿಸಿದ್ದು. ಅವಳ ಗಂಡ ಸಣ್ಣಸ್ವಾಮಿಯದು. ಸಾಮಿಲ್ಲಿನಲ್ಲಿ ನಲವತ್ತು ವರ್ಷ ದುಡಿದು, ಕಣ್ಣು ಮಂಜಾದ ಮೇಲೆ ಮನೆ ಹಿಡಿದವನು. ನವೀನನಿಗೆ ಮರ ಒಣಗಿಸುವುದು, ಮೇಣದ ಹದ, ಎಲ್ಲ ಕಲಿಸಿದ ಗುರು ಅವನೇ.

ಗೋಣಿಚೀಲ ಎಳೆದಳು.

ಇಲ್ಲಿಯೂ ಮೇಣವಿತ್ತು. ಚಾಕುವಿನಿಂದ ಕೆರೆದಳು. ಇಲ್ಲಿಯೂ ಬಿರುಕಿಲ್ಲ. ಇದೂ ಸೋಮವಾರದ್ದೇ. ಕಾಯಿಸಿದ ಮೇಣ ಬೇಗ ಹೆಪ್ಪುಗಟ್ಟುತ್ತದೆ. ನವೀನ ಬಿಟ್ಟು ಓಡಿದ ಅದೇ ಡಬ್ಬಿಯಲ್ಲಿ, ಅದೇ ಬ್ರಷ್ ಅದ್ದಿ, ಯಾರೋ ಕುಳಿತು ಸಾವಕಾಶವಾಗಿ ಬಳಿದಿದ್ದರು.

ಆದರೆ ಗೆರೆಗಳು ಮೇಲಿಂದ ಕೆಳಕ್ಕೆ ಇಳಿದಿರಲಿಲ್ಲ.

ತಿರುಳಿನ ನಟ್ಟನಡುವೆ ಶುರುವಾಗಿ, ಎಡಕ್ಕೆ ತಿರುಗಿ, ಸುತ್ತು ಸುತ್ತಾಗಿ ತೊಗಟೆಯವರೆಗೆ ಬಂದಿದ್ದವು. ದೋಸೆ ಹುಯ್ದ ಹಾಗೆ. ಎಡಗೈಯ ದೋಸೆ.

ಆ ಸುತ್ತನ್ನು ಅವಳು ಮೂವತ್ತೆಂಟು ವರ್ಷದಿಂದ ನೋಡಿದ್ದಳು. ಕಬ್ಬಿಣದ ಕಾವಲಿಗೆ ಎಣ್ಣೆ ಸವರುವಾಗ ನೋಡಿದ್ದಳು. ಒಲೆಗೆ ಸೆಗಣಿ ಸಾರಿಸಿಕೊಡುವಾಗ ನೋಡಿದ್ದಳು. ಎಲ್ಲರೂ ಮೇಲಿಂದ ಕೆಳಕ್ಕೆ ಬಳಿದರೆ ನೀವೇನ್ರೀ ಎಡಚರ ರಂಗೋಲಿ ಹಾಕ್ತೀರ ಎಂದು ಎಷ್ಟು ಸಲ ನಕ್ಕಿದ್ದಳೋ ಲೆಕ್ಕವಿಲ್ಲ.

ಗೋಡೆ ಹಿಡಿದುಕೊಂಡಳು.

ಮಡಿಕೇರಿಗೆ, ಕಣ್ಣು ತೋರಿಸಲು.

"ನಿಮ್ಮ ಚಿಕ್ಕಪ್ಪನ್ನೂ ಕರ್ಕೊಂಡು ಹೋಗಿದ್ಯಾ?" ದನಿ ಅವಳದ್ದೆಂದು ಅವಳಿಗೇ ಅನಿಸಲಿಲ್ಲ.

ನವೀನ ಅಳುತ್ತಿದ್ದ. "ಬಸ್ಸಿಗೆ ಕಾಯ್ತಾ ನಿಂತಿದ್ರು, ಮಡಿಕೇರಿಗೆ ಬಿಡೋಕೆ ಅಂತಲೇ ಜೀಪಲ್ಲಿ ಕೂರಿಸ್ಕೊಂಡೆ. ಮೊದ್ಲು ಮರ ನೋಡಾಣ ನಡಿ ಅಂದ್ರು. ನಾನು ಓಡುವಾಗ ಅವ್ರು ಅವನ ಹತ್ರಾನೇ ಕೂತಿದ್ರು. 'ನೀನು ಹೋಗು, ನಾನ್ ನೋಡ್ಕೋತೀನಿ, ನಿನ್ ಹೆಸರು ಎಲ್ಲೂ ಬರಬಾರ್ದು' ಅಂದ್ರು. ಆಮೇಲೆ ಏನಾಯ್ತು ಅಂತ ನಾನು ಕೇಳ್ಲಿಲ್ಲ. ಅವರೂ ಹೇಳ್ಲಿಲ್ಲ."

"ಇವತ್ತು ತುದಿ ಕುಯ್ಯಿ ಅಂದಿದ್ದು ಯಾರು?"

ಕೇಳುವ ಅಗತ್ಯವೇ ಇರಲಿಲ್ಲ. ದಿಮ್ಮಿಯ ಮುಖ ಕೆರೆದು ನೋಡಬೇಕೆಂದು ಅವಳು ಬಾಯಿ ಬಿಟ್ಟಿದ್ದು ಒಂದೇ ಕಡೆ, ನಿನ್ನೆ ಮಧ್ಯಾಹ್ನ, ಊಟಕ್ಕೆ ಕುಳಿತ ಗಂಡನ ಮುಂದೆ. ಅವನು ಅರ್ಧ ಮುದ್ದೆಯಲ್ಲೇ ಕೈ ತೊಳೆದಿದ್ದ. ಹೊಟ್ಟೆ ಸರಿಯಿಲ್ಲವೇನೋ ಎಂದು ಅವಳು ಓಂಕಾಳು ಕುದಿಸಿ ಕೊಟ್ಟಿದ್ದಳು.

ದಿಮ್ಮಿಯ ಮೇಲಿಟ್ಟಿದ್ದ ನವೀನನ ಫೋನು ಹೊಡೆದುಕೊಂಡಿತು. ಪರದೆಯ ಮೇಲೆ 'ಚಿಕ್ಕಪ್ಪ' ಎಂದಿತ್ತು. ನವೀನ ಕೈ ಚಾಚುವಷ್ಟರಲ್ಲಿ ಸುಲೋಚನಮ್ಮ ಹೊರಬಂದು ಅದನ್ನೆತ್ತಿಕೊಂಡಳು. ಅಭ್ಯಾಸದಂತೆ ಅವಳ ಹೆಬ್ಬೆರಳು ಸ್ಪೀಕರಿನ ಗುಂಡಿ ಒತ್ತಿತು.

"ಆಯ್ತೇನೋ ಮಗ?" ಸಣ್ಣಸ್ವಾಮಿಯ ದನಿ ಶೆಡ್ಡು ತುಂಬಿತು. "ಎರಡು ತುದೀನೂ ಕುಯ್ದ್ಯಾ? ನಿಮ್ ಚಿಕ್ಕಮ್ಮ ಕೊಡೆ ತಗೊಂಡು ಹೊರಟವ್ಳೆ. ರೇಷನ್ ಅಂಗಡಿಗೆ ಅಂದ್ಲು. ನಂಗ್ಯಾಕೋ ಅನುಮಾನ."

"ನಾನೇ ಮಾತಾ‌ಡ್ತಿರೋದು ರೀ," ಎಂದಳು.

ಆ ಕಡೆ ಉಸಿರಿನ ಸದ್ದು ಮಾತ್ರ ಕೇಳಿತು.

ಮಿಷನ್ನಿನ ಸದ್ದು ನಿಂತು ಇಷ್ಟು ಹೊತ್ತಾದರೂ ಯಾರೂ ಹೊರಗೆ ಬರಲಿಲ್ಲವೆಂದು ಮುತ್ತಿ ಬೇಲಿಯಿಂದ ಎದ್ದು ಬಂದು ಬಾಗಿಲಲ್ಲಿ ನಿಂತಿದ್ದಳು. ಸುಲೋಚನಮ್ಮ ಅವಳನ್ನು ಕಂಡಳು. ಸ್ಪೀಕರು ಆರಿಸಬಹುದಿತ್ತು. ಹೆಬ್ಬೆರಳು ಗುಂಡಿಯ ಮೇಲೆಯೇ ಇತ್ತು. ಜೈಲಿನ ಗೇಟಿನಲ್ಲಿ ಕೊಟ್ಟ ಮಾತು ನೆನಪಾಗಿ ಅವಳು ಆ ಬೆರಳನ್ನು ತೆಗೆದಳು.

"ರವಿ ನೀರು ಕೇಳಿದ್ನಂತೆ," ಎಂದಳು. "ಕೊಟ್ರಾ?"

ಸಣ್ಣಸ್ವಾಮಿ ಮಾತಾಡಿದ, ಮನೆಯಲ್ಲಿ ಊಟದ ಮುಂದೆ ಕುಳಿತು ಹೇಳುವ ಹಾಗೆ, ಮೆಲ್ಲಗೆ.

"ಕೊಟ್ಟೆ ಕಣೇ. ಮೂರು ದಿನಾನೂ ಹೋಗಿ ಕೊಟ್ಟೆ. ನೀನು ತುಂಬಿಸಿ ಕೊಡ್ತಿದ್ಯಲ್ಲ, ಅದೇ ಮಜ್ಜಿಗೆ."

ಮುತ್ತಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಅವಳು ಕಿರುಚಲಿಲ್ಲ. ಸುಲೋಚನಮ್ಮನ ಮುಖವನ್ನೇ ನೋಡುತ್ತ, ತನಗೆ ಸರಿಯಾಗಿ ಅರ್ಥವಾಯಿತೋ ಇಲ್ಲವೋ ಎಂಬಂತೆ, ಕೇಳಿದಳು:

"ಮೂರು ದಿನ ಬದುಕಿದ್ನಾ ಅಮ್ಮ ನಮ್ ರವಿ?"